ಗಾಳದ ರೀಲು ಉಪ್ಪುನೀರಿಗೆ ಬಂದ ಕಥೆ

ಚಂದ್ರಗಿರಿ ಹೊಳೆ ಕಡಲು ಸೇರುವ ಅಳಿವೆಯಲ್ಲಾಗಲಿ, ಮೊಗ್ರಾಲು, ಶಿರಿಯ, ಉಪ್ಪಳದ ಹೊಳೆಬಾಯಿಗಳಲ್ಲಾಗಲಿ ಈಗ ಸಾಯಂಕಾಲ ಹೋಗಿ ನೋಡಿದರೆ ಗಾಳಕೋಲು ಹಿಡಿದು ನಿಂತ ಹುಡುಗರು ಕಾಣಸಿಗುತ್ತಾರೆ. ಹಿಂದೆ ಗಾಳ ಹಾಕುವವರೆಂದರೆ ಅಂದಿನ ಸಾರಿಗೆ ಎರಡು ಮೀನು ಬೇಕಾದವರು. ಈಗ ಹಾಗಲ್ಲ. ಗಾರೆ ಕೆಲಸದವರು, ರಿಕ್ಷಾ ಓಡಿಸುವವರು, ರಜೆಯಲ್ಲಿ ಊರಿಗೆ ಬಂದ ಗಲ್ಫಿನವರು ಎಲ್ಲರೂ ಇದ್ದಾರೆ. ಎಲ್ಲರ ಕೋಲಿನ ಅಡಿಯಲ್ಲೂ ಒಂದು ಹೊಳೆಯುವ ರೀಲು ನೇತಾಡುತ್ತಾ ಇರುತ್ತದೆ.

ಈ ರೀಲು ಸಾವಿರ ರೂಪಾಯಿಗೂ ಸಿಗುತ್ತದೆ, ಐವತ್ತು ಸಾವಿರ ದಾಟಿದ್ದೂ ಉಂಟು. ಕೂಲಿ ಮಾಡುವ ಹುಡುಗ ನಾಲ್ಕೈದು ದಿನದ ಸಂಬಳ ಹಾಕಿ ತಂದ ಸಾಮಾನು ಒಂದು ಮಳೆಗಾಲ ಕಳೆಯುವುದರೊಳಗೆ ಒಳಗಿಂದೊಳಗೇ ಹಿಡಿದುಕೊಂಡು, ತಿರುಗಿಸಿದರೆ ಹಳೆ ಬಾವಿಯ ರಾಟೆಯ ಹಾಗೆ ಕಿರುಗುಟ್ಟುವುದನ್ನು ಎಷ್ಟೋ ಸಲ ನೋಡಿಯಾಯಿತು. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ನಂಬ್ರವೋ ನಂಬ್ರ. ಬೇರಿಂಗ್ 10+1, ಡ್ರ್ಯಾಗ್ 15 ಕಿಲೋ, ಹಲ್ಲಿನ ಲೆಕ್ಕ ಇಷ್ಟು, ಸೈಜು ಇಷ್ಟು. ನಂಬ್ರ ದೊಡ್ಡದಾದಷ್ಟು ಸಾಮಾನು ಒಳ್ಳೆಯದು ಎಂದು ಮಾರುವವನು ಹೇಳುತ್ತಾನೆ, ಕೊಳ್ಳುವವನು ತಲೆಯಾಡಿಸುತ್ತಾನೆ. ನನ್ನ ಅಭಿಪ್ರಾಯ ಬೇರೆ. ರೀಲಿನ ಒಂದೊಂದು ಭಾಗವೂ ಯಾವನೋ ಒಬ್ಬನಿಗೆ ಬಂದ ಒಂದೊಂದು ಉಪದ್ರಕ್ಕೆ ಉತ್ತರವಾಗಿ ಹುಟ್ಟಿದ್ದು. ಆ ಉಪದ್ರ ಏನೆಂದು ತಿಳಿದವನನ್ನು ಪೆಟ್ಟಿಗೆಯ ನಂಬ್ರ ಮೋಸ ಮಾಡುವುದು ಕಷ್ಟ. ಹಾಗಾಗಿ ಚರಿತ್ರೆಯಿಂದಲೇ ಸುರು ಮಾಡುತ್ತೇನೆ.

ಗಾಳಕೋಲಿಗೆ ಚಕ್ರ ಕಟ್ಟಿದ್ದು ಬಿಳಿಯರಲ್ಲ, ಚೀನಾದವರು. ಮಾ ಯುವಾನ್ ಎಂಬ ಚೀನೀ ಚಿತ್ರಗಾರ ಸುಮಾರು 1195ರಲ್ಲಿ ಬರೆದ ಒಂದು ಚಿತ್ರ ಉಂಟು. ಚಳಿಗಾಲದ ಕೆರೆ, ಸಣ್ಣ ದೋಣಿ, ಅದರಲ್ಲಿ ಒಬ್ಬನೇ ಕೂತ ಮನುಷ್ಯ, ಅವನ ಕೈಯ ಕೋಲಿನಲ್ಲಿ ಒಂದು ಪುಟ್ಟ ಚಕ್ರ. ಆ ಚಿತ್ರ ಈಗ ಜಪಾನಿನ ಟೋಕಿಯೋ ನಗರದ ಮ್ಯೂಸಿಯಂನಲ್ಲಿದೆ. ಇಂಗ್ಲೆಂಡಿನ ಪುಸ್ತಕದಲ್ಲಿ ಇಂಥ ಚಕ್ರದ ಮಾತು ಬರುವುದು 1651ರಲ್ಲಿ, ಥಾಮಸ್ ಬಾರ್ಕರ್ ಎಂಬವನ ಪುಸ್ತಕದಲ್ಲಿ. ನಡುವೆ ನಾನೂರ ಐವತ್ತಕ್ಕೂ ಹೆಚ್ಚು ವರ್ಷ.

ಆ ಚಕ್ರಗಳೆಲ್ಲ ಬಾವಿಯ ರಾಟೆಯ ಜಾತಿಯವು. ನಡುವೆ ಒಂದು ಸಲಾಕೆ, ಅದರ ಮೇಲೆ ಸುತ್ತುವ ಉರುಳೆ, ಉರುಳೆಯ ಮೇಲೆ ನೂಲು. ನೂಲು ಹೋಗುವಾಗ ಉರುಳೆ ಒಂದು ಕಡೆಗೆ ತಿರುಗುತ್ತದೆ, ಎಳೆಯುವಾಗ ಇನ್ನೊಂದು ಕಡೆಗೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಎಂಬಲ್ಲಿ ಮರದಿಂದ ಕಡೆದು ಇಂಥದನ್ನು ತುಂಬ ಮಾಡಿದರು. ಅದು ಲೇಸು ಹೆಣೆಯುವ ಊರು, ಉರುಳೆ ಮಾಡುವುದು ಅವರಿಗೆ ಹೊಸತಲ್ಲ. ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದವನು 1800ರ ನಂತರದ ಮೊದಲ ದಶಕಗಳಲ್ಲಿ ಹಲ್ಲಿನ ಚಕ್ರ ಕೂಡಿಸಿ, ಹಿಡಿ ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುವ ಹಾಗೆ ಮಾಡಿದ. ಲಾಯ್ಕದ ಕೆಲಸ. ಆದರೆ ಮೂಲ ಉಪದ್ರ ಹಾಗೇ ಉಳಿಯಿತು. ಬಾವಿಗೆ ಕೊಡಪಾನ ಬಿಟ್ಟವರಿಗೆಲ್ಲ ಇದು ಗೊತ್ತು. ಕೊಡಪಾನ ನೀರಿಗೆ ಮುಟ್ಟಿದ ಕೂಡಲೇ ಹಗ್ಗ ಸಡಿಲವಾಗುತ್ತದೆ, ರಾಟೆ ಮಾತ್ರ ಹುರುಪಿನಲ್ಲಿ ಇನ್ನೂ ಎರಡು ಸುತ್ತು ತಿರುಗುತ್ತದೆ. ಗಾಳದ ಉರುಳೆಯೂ ಹಾಗೇ. ಎಸೆದ ತೂಕ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗಿ ನೂಲು ಒಳಗೆ ಕಾಗೆಗೂಡಾಗುತ್ತದೆ. ಹೆಬ್ಬೆರಳು ಒತ್ತಿ ಹಿಡಿಯಲು ಕಲಿತವನಿಗೆ ಮಾತ್ರ ಆ ರೀಲು. ಹಗುರದ ಎರೆ ಎಸೆಯಲಿಕ್ಕಂತೂ ಆಗುವುದೇ ಇಲ್ಲ, ಉರುಳೆಯನ್ನು ತಿರುಗಿಸುವಷ್ಟು ಭಾರ ಅದಕ್ಕಿಲ್ಲ.

ಕಡಲಿಗೆ ಮೊದಲು ಇಳಿದದ್ದೂ ಈ ಜಾತಿಯ ರೀಲೇ. ಅಮೆರಿಕದ ಪಡುಗಡಲಲ್ಲಿ ಕ್ಯಾಟಲಿನಾ ಎಂಬ ದ್ವೀಪ ಉಂಟು. ಅಲ್ಲಿ ಹಿಂದೆ ದಪ್ಪ ಕೈಹಗ್ಗ ಬಿಟ್ಟು ದೊಡ್ಡ ಮೀನುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಡಿದು ಹಾಳು ಮಾಡುತ್ತಿದ್ದರು. 1898ರಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬವರು ಕೋಲು ಮತ್ತು ಸಪೂರ ನೂಲಿನಲ್ಲಿ 183 ಪೌಂಡಿನ, ಎಂದರೆ ಸುಮಾರು 83 ಕಿಲೋದ ಟ್ಯೂನಾ ಮೀನು ಹಿಡಿದು, ಅದೇ ವರ್ಷ ಅಲ್ಲಿ ಗಾಳದವರದೊಂದು ಸಂಘ ಕಟ್ಟಿದರು. ಮೀನಿಗೂ ಒಂದು ಅವಕಾಶ ಇರಬೇಕು ಎಂಬುದು ಅವರ ವಾದ. ಆದರೆ ಅವಕಾಶ ಸಿಕ್ಕಿದ ಮೀನು ಓಡುವಾಗ ಉರುಳೆಯ ಜೊತೆಗೆ ಹಿಡಿಯೂ ಹಿಂದಕ್ಕೆ ಗಿರ್ರನೆ ತಿರುಗುತ್ತಿತ್ತು. ಬೆರಳ ಗಂಟುಗಳು ಜಜ್ಜಿ ಹೋಗುತ್ತಿದ್ದವು. ಉರುಳೆಯ ಮೇಲೆ ಚರ್ಮದ ತುಂಡೊಂದನ್ನು ಹೆಬ್ಬೆರಳಲ್ಲಿ ಒತ್ತುವುದು, ಅಷ್ಟೇ ಅವರಿಗಿದ್ದ ಬ್ರೇಕು.

ಇದಕ್ಕೆ ಮದ್ದು ಕಂಡುಹಿಡಿದವರು ವಿಲಿಯಂ ಬೋಷನ್. ರೀಲಿನ ಹೊಟ್ಟೆಯೊಳಗೆ ತಟ್ಟೆಗಳನ್ನು ಒಂದರ ಮೇಲೊಂದು ಒತ್ತಿಟ್ಟರೆ, ಮೀನು ಜೋರಾಗಿ ಎಳೆದಾಗ ತಟ್ಟೆಗಳು ಜಾರಿ ನೂಲು ಬಿಡುತ್ತದೆ, ಹಿಡಿ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಅವರ ಯೋಚನೆಯ ಹಾಗೆ ರೀಲು ಮಾಡಿಕೊಟ್ಟವರು ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್ನಿನ ಜೂಲಿಯಸ್ ವೋಮ್ ಹಾಫ್. 1913ರಲ್ಲಿ ಬೋಷನ್ ಅದೇ ಕ್ಯಾಟಲಿನಾದಲ್ಲಿ 355 ಪೌಂಡಿನ ಕತ್ತಿಮೀನು ಹಿಡಿದರು. ಈಗ ಪೆಟ್ಟಿಗೆಯ ಮೇಲೆ ‘ಡ್ರ್ಯಾಗ್’ ಎಂದು ಬರೆದಿರುತ್ತದಲ್ಲ, ಅದರ ಹುಟ್ಟು ಇಲ್ಲಿ.

ನಮ್ಮ ಕೈಗಾಳದವರಿಗೆ ಡ್ರ್ಯಾಗ್ ಹೊಸತೇನಲ್ಲ. ನೂಲನ್ನು ತೋರುಬೆರಳಿನ ಮೇಲೆ ಹಾಯಿಸಿ, ಮೀನು ಎಳೆದಾಗ ಬಿಟ್ಟು, ನಿಂತಾಗ ಎಳೆದು, ಬೆರಳಲ್ಲಿ ಗೆರೆಗೆರೆ ಗಾಯ ಮಾಡಿಕೊಂಡ ಹಿರಿಯರು ನಮ್ಮಲ್ಲಿ ಇದ್ದರು. ಅವರ ಬೆರಳು ಮಾಡುತ್ತಿದ್ದ ಕೆಲಸವನ್ನೇ ರೀಲಿನ ತಟ್ಟೆ ಮಾಡುವುದು. ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದ್ದು 15 ಕಿಲೋ ಎಂಬ ನಂಬ್ರವನ್ನಲ್ಲ. ಡ್ರ್ಯಾಗಿನ ತಿರುಪನ್ನು ಅರ್ಧ ಬಿಗಿ ಮಾಡಿ ನೂಲನ್ನು ಕೈಯಲ್ಲಿ ಮೆಲ್ಲ ಎಳೆದು ನೋಡಿ. ಮೊದಲು ಒಮ್ಮೆ ಕಚ್ಚಿ ನಿಂತು ಆಮೇಲೆ ದಡಕ್ಕನೆ ಬಿಟ್ಟರೆ ಅದು ಬೇಡ. ನೂಲು ಕಡಿಯುವುದು ಆ ಮೊದಲ ಕಚ್ಚಿನಲ್ಲೇ. ಸುರುವಿನಿಂದ ಒಂದೇ ಸಮ ಬರಬೇಕು, ಶ್ರುತಿ ಬಿಡದ ಹಾಗೆ.

ಎಷ್ಟು ಬಿಗಿ ಇಡುವುದು ಎಂಬುದಕ್ಕೂ ಲೆಕ್ಕ ಉಂಟು. ನೂಲು ಎಷ್ಟು ಭಾರಕ್ಕೆ ಕಡಿಯುತ್ತದೋ ಅದರ ಕಾಲುಭಾಗದಿಂದ ಮೂರರಲ್ಲೊಂದು ಭಾಗ. 20 ಪೌಂಡಿನ ನೂಲೆಂದರೆ ಸುಮಾರು 9 ಕಿಲೋ. ಹಾಗಾದರೆ ಡ್ರ್ಯಾಗ್ ಜಾರಬೇಕಾದ್ದು 2ಕಾಲು ಕಿಲೋದಿಂದ 3 ಕಿಲೋದೊಳಗೆ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೂಲು ಕಟ್ಟಿ ಎಳೆದರೆ ಗೊತ್ತಾಗುತ್ತದೆ. ಈಗ ಹೇಳಿ, 3 ಕಿಲೋ ಬೇಕಾದಲ್ಲಿ 15 ಕಿಲೋದ ನಂಬ್ರಕ್ಕೆ ದುಡ್ಡು ಕೊಡುವುದು ಯಾಕೆ? ದುಡಿಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವವನಿಗೂ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು, ಇಲ್ಲದಿದ್ದರೆ ಚರ್ಮ ಒಡೆಯುತ್ತದೆ.

ಇನ್ನು ನಮ್ಮ ಹುಡುಗರ ಕೈಯಲ್ಲಿರುವ ರೀಲಿನ ಸ್ವಂತ ಕಥೆ. ಇದನ್ನು ಸ್ಪಿನ್ನಿಂಗ್ ರೀಲು ಎನ್ನುತ್ತಾರೆ. ಇದರ ಹುಟ್ಟು ಕಡಲಲ್ಲಿ ಅಲ್ಲ, ಸಿಹಿನೀರಿನ ಹೊಳೆಯಲ್ಲಿ, ಅದೂ ನೂಲಿನ ಗಿರಣಿಯವನ ತಲೆಯಲ್ಲಿ.

1884ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ ಒಂದು ಉಪಾಯ ಮಾಡಿದರು. ಎಸೆಯುವಾಗ ಉರುಳೆ ತಿರುಗುವುದರಿಂದ ತಾನೇ ಉಪದ್ರ? ಹಾಗಾದರೆ ಎಸೆಯುವ ಹೊತ್ತಿಗೆ ಉರುಳೆಯನ್ನೇ ಅಡ್ಡ ತಿರುಗಿಸಿ ಅದರ ಮುಖ ಕೋಲಿನ ತುದಿಗೆ ಮಾಡುವುದು. ನೂಲು ಉರುಳೆಯ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ, ಉರುಳೆ ಅಲ್ಲಾಡುವುದಿಲ್ಲ. ಎಳೆಯುವಾಗ ಪುನಃ ನೆಟ್ಟಗೆ ಮಾಡಿ ರಾಟೆಯ ಹಾಗೆ ಸುತ್ತುವುದು. ಎಸೆತ ದೂರ ಹೋಯಿತು, ಗೂಡು ಕಟ್ಟುವುದು ನಿಂತಿತು. ಆದರೆ ಹೊಸ ಉಪದ್ರ ಒಂದು ಸುರುವಾಯಿತು, ನೂಲು ಮುರಿಗೆ ಬೀಳತೊಡಗಿತು.

ಯಾಕೆಂದು ತಿಳಿಯಬೇಕಾದರೆ ಮಾಷ್ಟ್ರುಗಳು ಶಾಲೆಯಲ್ಲಿ ಮಕ್ಕಳ ಹತ್ತಿರ ಇದನ್ನು ಮಾಡಿಸಿ ನೋಡಬಹುದು. ಒಂದು ಅಗಲದ ಬಾಳೆನಾರನ್ನು ಬಾಟ್ಲಿಗೆ ಹತ್ತು ಸುತ್ತು ಸುತ್ತಿ. ಬಾಟ್ಲಿಯನ್ನು ತಿರುಗಿಸುತ್ತಾ ನಾರನ್ನು ಬಿಚ್ಚಿದರೆ ನಾರು ಚಪ್ಪಟೆಯಾಗಿಯೇ ಬರುತ್ತದೆ. ಬಾಟ್ಲಿಯನ್ನು ಅಲ್ಲಾಡಿಸದೆ ಅದರ ಬಾಯಿಯ ಕಡೆಯಿಂದ ನಾರನ್ನು ಎಳೆದು ತೆಗೆಯಿರಿ, ಹತ್ತು ಸುತ್ತಿಗೆ ಹತ್ತು ಮುರಿ ಬಿದ್ದಿರುತ್ತದೆ. ಮ್ಯಾಲಕರ ರೀಲಿನಲ್ಲಿ ಹೋಗುವಾಗ ಮುರಿ ಬೀಳುತ್ತಿತ್ತು, ಬರುವಾಗ ಅದು ಬಿಚ್ಚುತ್ತಿರಲಿಲ್ಲ. ನೂರು ಸಲ ಎಸೆದರೆ ನೂಲು ತೆಂಗಿನ ನಾರಿನ ಹುರಿಯ ಹಾಗೆ ಆಗುತ್ತಿತ್ತು.

ಇದನ್ನು ಬಿಡಿಸಿದವರು ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಊರು ಬ್ರಾಡ್‌ಫೋರ್ಡಿನವರು, ಗಿರಣಿಯ ಮನೆತನ. 1905ರಲ್ಲಿ ಪೇಟೆಂಟ್ ಮಾಡಿಸಿಕೊಂಡರು. ನಮ್ಮ ಕಾಸರಗೋಡು ಸೀರೆ ನೇಯುವ ಮಗ್ಗ ನೋಡಿದವರಿಗೆ ಅವರ ಯೋಚನೆ ಕೂಡಲೇ ತಿಳಿಯುತ್ತದೆ. ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಲಾಳಿ ಆಚೆ ಈಚೆ ಓಡುವಾಗ ಕಂಡಿಕೆ ತಿರುಗುವುದಿಲ್ಲ, ನೂಲು ಅದರ ತುದಿಯಿಂದ ಜಾರಿಕೊಂಡು ಬರುತ್ತದೆ. ಇಲ್ಲಿಂಗ್‌ವರ್ತರು ರೀಲಿನ ಉರುಳೆಯನ್ನು ಕಂಡಿಕೆಯ ಹಾಗೆ ಮುಂದಕ್ಕೆ ಮುಖ ಮಾಡಿ ಶಾಶ್ವತವಾಗಿ ನಿಲ್ಲಿಸಿಬಿಟ್ಟರು. ಎಳೆಯುವಾಗಲೂ ಅದು ತಿರುಗುವುದಿಲ್ಲ. ಅದರ ಸುತ್ತ ಒಂದು ಕೈ ತಿರುಗಿ ನೂಲನ್ನು ತಂದು ಸುತ್ತುತ್ತದೆ. ಸುತ್ತುವಾಗ ಈ ಕೈ ಹಾಕಿದ ಮುರಿ, ಮುಂದಿನ ಎಸೆತದಲ್ಲಿ ನೂಲು ಜಾರುವಾಗ ಬಿಚ್ಚಿ ಹೋಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಲೆಕ್ಕ. ಇಷ್ಟು ಸಣ್ಣ ಯೋಚನೆ, ನೂರಿಪ್ಪತ್ತು ವರ್ಷ ಆಯಿತು, ಇಂದಿನ ಐವತ್ತು ಸಾವಿರದ ರೀಲಿನೊಳಗೂ ಅದೇ ಇರುವುದು.

ಒಂದು ಮಾತು ಇಲ್ಲಿ ಹೇಳದಿದ್ದರೆ ಆಗುವುದಿಲ್ಲ. ಹೊಳೆಬದಿಯ ಬಡ ಮಕ್ಕಳು ಬಾಟ್ಲಿಗೆ ನೂಲು ಸುತ್ತಿ, ಬಾಟ್ಲಿಯ ಬಾಯಿ ನೀರಿನ ಕಡೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಗುಂಡು ಬೀಸಿ ಎಸೆಯುತ್ತಾರಲ್ಲ, ಅದೂ ನಿಂತ ಉರುಳೆಯೇ. ಗಿರಣಿಯ ಸಾಹುಕಾರರಿಗೆ ಪೇಟೆಂಟ್ ಸಿಕ್ಕಿತು, ಬಾಟ್ಲಿಯ ಮಕ್ಕಳಿಗೆ ಶಾಲೆ ತಪ್ಪಿಸಿದ್ದಕ್ಕೆ ಬೈಗುಳ ಸಿಕ್ಕಿತು.

ಮುರಿಯ ಈ ಲೆಕ್ಕ ತಿಳಿದವನು ರೀಲನ್ನು ನಡೆಸುವ ರೀತಿಯೂ ಬೇರೆ. ದೊಡ್ಡ ಮೀನು ನೂಲು ಎಳೆದುಕೊಂಡು ಓಡುತ್ತಾ ಇರುವಾಗ ಹೆದರಿ ಹಿಡಿ ತಿರುಗಿಸುವವರು ತುಂಬ. ನೂಲು ಒಳಗೆ ಬರುವುದಿಲ್ಲ, ಆದರೆ ಕೈ ತಿರುಗಿದ ಒಂದೊಂದು ಸುತ್ತಿಗೂ ಒಂದೊಂದು ಮುರಿ ಬೀಳುತ್ತದೆ. ಹಿಡಿಯ ಒಂದು ಸುತ್ತಿಗೆ ಆ ಕೈ ಐದು ಸುತ್ತು ತಿರುಗುವ ರೀಲಾದರೆ, ಇಪ್ಪತ್ತು ಸಲ ತಿರುಗಿಸಿದವನ ನೂಲಿಗೆ ನೂರು ಮುರಿ. ಮರುದಿನ ನೂಲು ತಾನಾಗಿ ಸಿಂಬೆ ಸುತ್ತಿಕೊಂಡರೆ ಅಂಗಡಿಯವನನ್ನು ಬೈಯುತ್ತಾನೆ. ಮೀನು ಓಡುವಾಗ ಕೈ ಬಿಟ್ಟು ಸುಮ್ಮನಿರಬೇಕು, ಅದು ನಿಂತಾಗ ಕೋಲು ಎತ್ತಿ, ಕೋಲು ತಗ್ಗಿಸುತ್ತಾ ಸುತ್ತಬೇಕು.

ಮೊದಲ ರೀಲುಗಳಲ್ಲಿ ಎಸೆದಾದ ಮೇಲೆ ನೂಲನ್ನು ಬೆರಳಿಂದ ಹಿಡಿದು ಆ ಕೈಗೆ ಸಿಕ್ಕಿಸಬೇಕಿತ್ತು. ಇಂಗ್ಲೆಂಡಿನ ಹಾರ್ಡಿ ಕಂಪೆನಿಯವರು 1932ರಲ್ಲಿ ಆಲ್ಟೆಕ್ಸ್ ಎಂಬ ರೀಲಿಗೆ ಪೂರ್ತಿ ಬಾಗಿದ ಸರಿಗೆಯೊಂದನ್ನು ಇಟ್ಟರು. ಇದೇ ಬೈಲ್. ತೆರೆದು ಎಸೆಯುವುದು, ಹಿಡಿ ತಿರುಗಿಸಿದರೆ ಅದು ತಾನಾಗಿ ಮುಚ್ಚಿ ನೂಲನ್ನು ಹಿಡಿದುಕೊಳ್ಳುತ್ತದೆ. ಅನುಕೂಲ ಹೌದು. ಆದರೂ ಪಳಗಿದವರು ಬೈಲನ್ನು ಎಡಗೈಯಲ್ಲೇ ಮುಚ್ಚುವುದು, ಮುಚ್ಚಿ ನೂಲನ್ನು ಒಮ್ಮೆ ಬಿಗಿ ಎಳೆದುಕೊಳ್ಳುವುದು. ಸಡಿಲ ಸುರುಳಿ ಒಳಗೆ ಉಳಿಯುವುದಿಲ್ಲ, ಸ್ಪ್ರಿಂಗೂ ಬಾಳುತ್ತದೆ. ಬೈಲಿನ ಬುಡದಲ್ಲಿ ಒಂದು ಪುಟ್ಟ ಗಾಲಿ ಉಂಟು, ನೂಲು ಅದರ ಮೇಲಿಂದಲೇ ಹಾಯುವುದು. ಕೊಳ್ಳುವಾಗ ಆ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಅದು ತಿರುಗದಿದ್ದರೆ ನೂಲು ಅಲ್ಲೇ ಸವೆಯುತ್ತದೆ.

ಇಷ್ಟೆಲ್ಲ ಆದರೂ ಈ ರೀಲು ಜಗತ್ತಿಗೆ ಹರಡಲಿಲ್ಲ. ಅದಕ್ಕೆ ತಕ್ಕ ನೂಲು ಇರಲಿಲ್ಲ. ಆಗಿನ ನೂಲು ರೇಷ್ಮೆಯದು, ಅಗಸೆ ನಾರಿನದು, ಹತ್ತಿಯದು. ದಿನಾ ತೊಳೆದು ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಉಪ್ಪುನೀರಿನಲ್ಲಿ ಇನ್ನೂ ಬೇಗ. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿ ನೈಲಾನನ್ನು ಲೋಕಕ್ಕೆ ತೋರಿಸಿತು. ಮೊದಲು ಹಲ್ಲುಜ್ಜುವ ಬ್ರಶ್ಶಿನ ಕೂದಲಾಯಿತು, 1939ರಲ್ಲಿ ಗಾಳದ ನೂಲಾಯಿತು. ಯುದ್ಧದಲ್ಲಿ ಪ್ಯಾರಾಶೂಟಿಗೆ ಹೋಯಿತು, ಯುದ್ಧ ಮುಗಿದ ಮೇಲೆ ಊರೂರಿಗೆ ಬಂತು. ನಾವು ತಂಗೂಸಿ ಎನ್ನುವುದು ಇದನ್ನೇ. ಕೊಳೆಯುವುದಿಲ್ಲ, ನುಣುಪು, ಉರುಳೆಯಿಂದ ಚೆನ್ನಾಗಿ ಜಾರುತ್ತದೆ. ಅದೇ ಹೊತ್ತಿಗೆ ಫ್ರಾನ್ಸಿನ ಕ್ಲೂಜ್ ಎಂಬ ಊರಿನ, ಗಡಿಯಾರದ ಭಾಗ ಮಾಡುತ್ತಿದ್ದ ಕಾರ್ಖಾನೆಯೊಂದು ಮಿಚೆಲ್ ಎಂಬ ಹೆಸರಿನ ರೀಲು ಮಾಡಿತು. ಅಮೆರಿಕದಲ್ಲಿ ಅದರ 300 ನಂಬ್ರದ ರೀಲು ಬಹಳ ಪ್ರಸಿದ್ಧವಾಯಿತು. ಮೀನು ಹಿಡಿಯುವ ಚಕ್ರಕ್ಕೆ ಲೇಸಿನ ಊರು, ಉಣ್ಣೆಯ ಊರು, ಗಡಿಯಾರದ ಊರು ಕೈ ಹಾಕಿತೇ ಹೊರತು ಮೀನುಗಾರರ ಊರು ಅಲ್ಲ, ನೋಡಿ.

ಹಾಗಾಗಿಯೇ ಉಪ್ಪಿನ ಯೋಚನೆ ಯಾರಿಗೂ ಮೊದಲು ಬರಲಿಲ್ಲ. ಸಿಹಿನೀರಿಗೆ ಹುಟ್ಟಿದ ಯಂತ್ರವನ್ನು ಜನ ಕಡಲಬದಿಗೆ ಒಯ್ದರು. 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಆಟ್ಟೋ ಹೆನ್‌ಸೆ ಎಂಬ ಜರ್ಮನಿಯಿಂದ ಬಂದವರು ಸುರು ಮಾಡಿದ ಪೆನ್ ಕಂಪೆನಿ ಮೊದಲು ಕಡಲಿನ ರಾಟೆ ಜಾತಿಯ ರೀಲುಗಳಿಗೇ ಹೆಸರಾದದ್ದು. 1960ರ ದಶಕದಲ್ಲಿ ಅವರು ಉಪ್ಪುನೀರಿಗೇ ಎಂದು ಗಟ್ಟಿ ಸ್ಪಿನ್ನಿಂಗ್ ರೀಲು ತಂದರು.

ಉಪ್ಪು ಏನು ಮಾಡುತ್ತದೆ ಎಂದು ಅಡಿಕೆ ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಮೈಲುತುತ್ತಿನ ಮದ್ದು ಬಿಟ್ಟ ಪಂಪನ್ನು ತೊಳೆಯದೆ ಇಟ್ಟರೆ ಮುಂದಿನ ಸಲಕ್ಕೆ ವಾಲ್ವು ಅಲ್ಲಾಡುತ್ತದೆಯೇ? ಉಪ್ಪೂ ಹಾಗೆಯೇ, ಇನ್ನೂ ಮೆಲ್ಲ, ಇನ್ನೂ ಒಳಗೆ. ಒಂದೇ ಲೋಹ ಇದ್ದಲ್ಲಿ ಅದರ ಹಾವಳಿ ಕಡಿಮೆ. ಎರಡು ಬೇರೆ ಲೋಹ ತಾಗಿಕೊಂಡಿರುವಲ್ಲಿ ಉಪ್ಪುನೀರು ನಿಂತರೆ ಅದು ಬ್ಯಾಟರಿಯ ಹಾಗೆ ಕೆಲಸ ಮಾಡಿ ಮೆದು ಲೋಹವನ್ನು ತಿನ್ನುತ್ತದೆ. ಅಲ್ಯುಮಿನಿಯಂ ಮೈಗೆ ಸ್ಟೀಲಿನ ಸ್ಕ್ರೂ ಹಾಕಿದಲ್ಲಿ ಬಿಳಿ ಹುಡಿ ಕಾಣುವುದು ಅದೇ ಕಾರಣಕ್ಕೆ. ಹಾಗಾದರೆ ಅಲ್ಯುಮಿನಿಯಂ ಬೇಡವೇ? ಬೇಕು. ಒಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರಬೇಕಾದರೆ ಮೈ ಬಾಗಬಾರದು, ಲೋಹದ ಮೈ ಬಾಗುವುದಿಲ್ಲ. ಗ್ರಾಫೈಟ್ ಬೆರೆಸಿದ ಪ್ಲಾಸ್ಟಿಕ್ ಮೈಗೆ ತುಕ್ಕಿಲ್ಲ, ಹಗುರ, ಅಗ್ಗ. ಆದರೆ ಭಾರದ ಮೀನು ಎಳೆದಾಗ ಸ್ವಲ್ಪ ಬಾಗುತ್ತದೆ, ಹಲ್ಲು ತಪ್ಪಿ ಸವೆಯುತ್ತದೆ. ಕಾಣೆ ಮೀನಿಗೆ, ಸಣ್ಣಪುಟ್ಟ ಹೊಳೆಮೀನಿಗೆ ಗ್ರಾಫೈಟ್ ಧಾರಾಳ ಸಾಕು. ಮಲಯಾಳದವರು ಕಾಳಾಂಜಿ, ಚೆಂಬಲ್ಲಿ ಎನ್ನುತ್ತಾರಲ್ಲ, ಕಚ್ಚಿದ ಕೂಡಲೇ ಕಲ್ಲಿನ ಎಡೆಗೆ ನುಗ್ಗುವ ಮೀನು, ಅದನ್ನು ತಡೆದು ನಿಲ್ಲಿಸಬೇಕಾದವನಿಗೆ ಲೋಹದ ಮೈಯೇ ಒಳ್ಳೆಯದು, ಬಣ್ಣ ಎಲ್ಲೂ ಗೀರದ ಹಾಗೆ ನೋಡಿಕೊಂಡರೆ.

ಜಪಾನಿನವರ ಪಾಲು ಹೇಳದೆ ಈ ಕಥೆ ಮುಗಿಯುವುದಿಲ್ಲ. ಸಕಾಯ್ ಎಂಬ ಊರು ಹಳೆ ಕಾಲದಿಂದಲೂ ಕತ್ತಿ, ಚೂರಿ ಮಾಡುವ ಕಮ್ಮಾರರ ಊರು. ಅಲ್ಲಿ 1921ರಲ್ಲಿ ಶೊಝಬುರೊ ಶಿಮಾನೊ ಎಂಬವರು ಕಾರ್ಖಾನೆ ಸುರು ಮಾಡಿದರು. ಮೊದಲ ಸಾಮಾನು ಸೈಕಲಿನ ಫ್ರೀವೀಲು. ಪೆಡಲು ಮುಂದಕ್ಕೆ ತುಳಿದರೆ ಹಿಡಿಯುವುದು, ಹಿಂದಕ್ಕೆ ತುಳಿದರೆ ಕಟಕಟ ಎನ್ನುತ್ತಾ ಬಿಡುವುದು, ಅದೇ. 1970ರಲ್ಲಿ ಆ ಕಂಪೆನಿ ಗಾಳದ ಸಾಮಾನಿನ ವಿಭಾಗ ತೆರೆಯಿತು. ಫ್ರೀವೀಲಿಗೂ ರೀಲಿಗೂ ನಂಟು ದೂರದ್ದಲ್ಲ. ರೀಲಿನ ಹಿಡಿಯೂ ಒಂದೇ ಕಡೆಗೆ ತಿರುಗಬೇಕು. ಮೀನು ಎಳೆದಾಗ ಹಿಂದಕ್ಕೆ ಬರಬಾರದು. ಹಳೆ ರೀಲುಗಳಲ್ಲಿ ಇದಕ್ಕೆ ಹಲ್ಲು ಮತ್ತು ಕೊಕ್ಕೆ ಇತ್ತು, ಹಿಡಿ ಸ್ವಲ್ಪ ಹಿಂದಕ್ಕೆ ಬಂದು ಟಕ್ಕೆಂದು ನಿಲ್ಲುತ್ತಿತ್ತು. ಈಗಿನದರಲ್ಲಿ ಸಣ್ಣ ಸಲಾಕೆಗಳ ಬೇರಿಂಗ್ ಒಂದಿದೆ, ಕೂದಲೆಳೆಯಷ್ಟೂ ಹಿಂದಕ್ಕೆ ಬಿಡುವುದಿಲ್ಲ. ಪೆಟ್ಟಿಗೆಯ ಮೇಲೆ 10+1 ಎಂಬಲ್ಲಿ ಆ ‘+1’ ಇದೇ. ಉಪ್ಪು ಮೊದಲು ಹಾಳು ಮಾಡುವ ಜಾಗಗಳಲ್ಲಿ ಇದೂ ಒಂದು. ಇದು ಕೆಟ್ಟರೆ ಒಳ್ಳೆಯ ಮೀನು ಕಚ್ಚಿದ ಹೊತ್ತಿಗೇ ಹಿಡಿ ಹಿಂದಕ್ಕೆ ಜಾರುತ್ತದೆ. ಉಳಿದ ಹತ್ತು ಬೇರಿಂಗುಗಳ ಲೆಕ್ಕಕ್ಕೆ ಮರುಳಾಗಬೇಡಿ. ತುಕ್ಕು ಹಿಡಿಯದ ಉಕ್ಕಿನ, ಮುಚ್ಚಳ ಇರುವ ನಾಲ್ಕೈದು ಬೇರಿಂಗು, ಬರಿಯ ಹತ್ತಕ್ಕಿಂತ ಮೇಲು.

1990ರ ದಶಕದಲ್ಲಿ ಎರಡು ಸಂಗತಿ ಆಯಿತು. ಒಂದು, ಹೆಣೆದ ನೂಲು ಬಂತು. ಪಾಲಿಥಿಲೀನಿನ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು. ತಂಗೂಸಿಗಿಂತ ತುಂಬ ಸಪೂರ, ಆದರೆ ಬಲ ಅಷ್ಟೇ. ಉರುಳೆಯಲ್ಲಿ ಹೆಚ್ಚು ಹಿಡಿಯುತ್ತದೆ, ದೂರ ಹೋಗುತ್ತದೆ. ಆದರೆ ಇದು ಹಿಗ್ಗುವುದಿಲ್ಲ. ತಂಗೂಸಿ ಹಿಗ್ಗಿ ಸಹಿಸಿಕೊಳ್ಳುತ್ತಿದ್ದ ಎಳೆತವೆಲ್ಲ ನೇರ ರೀಲಿನ ಡ್ರ್ಯಾಗಿಗೆ, ಹಲ್ಲಿಗೆ ಬೀಳುತ್ತದೆ. ಹೆಣೆದ ನೂಲು ಹಾಕುವವನು ಡ್ರ್ಯಾಗಿನ ನಯವನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ನುಣುಪು ಉರುಳೆಯ ಮೇಲೆ ನೇರ ಸುತ್ತಿದರೆ ಇಡೀ ನೂಲೇ ಜಾರುತ್ತದೆ, ಅಡಿಯಲ್ಲಿ ಹತ್ತಿಪ್ಪತ್ತು ಸುತ್ತು ತಂಗೂಸಿ ಹಾಕಿಕೊಳ್ಳಬೇಕು. ಓಡುವ ನೂಲಿಗೆ ಬರಿ ಬೆರಳು ಕೊಡಲೂಬಾರದು, ಕತ್ತಿಯ ಹಾಗೆ ಕುಯ್ಯುತ್ತದೆ. ಇನ್ನೊಂದು ಸಂಗತಿ, ನೀರು ಒಳಗೆ ಹೋಗದ ಹಾಗೆ ರಬ್ಬರಿನ ಬಳೆ ಹಾಕಿ ಮುಚ್ಚಿದ ರೀಲುಗಳು. ಅಮೆರಿಕದ ಮಾಂಟಾಕ್ ಎಂಬಲ್ಲಿ ಅಲೆಯ ನಡುವಿನ ಬಂಡೆಗಳ ಮೇಲೆ ನಿಂತು ಗಾಳ ಹಾಕುವವರುಂಟು. ಅವರು ಮೆಚ್ಚಿ ಹಿಡಿದದ್ದು ವ್ಯಾನ್ ಸ್ಟಾಲ್ ಎಂಬ ಅಂಥ ರೀಲು. ಬೆಲೆ ನಮ್ಮಂಥವರಿಗೆ ಎಟುಕುವುದಲ್ಲ. ಆದರೆ ಆ ವಿದ್ಯೆ ಈಗ ಮಧ್ಯಮ ಬೆಲೆಯ ರೀಲುಗಳಿಗೂ ಸ್ವಲ್ಪ ಸ್ವಲ್ಪ ಇಳಿದು ಬಂದಿದೆ. ಕೊಳ್ಳುವಾಗ ಡ್ರ್ಯಾಗಿನ ತಿರುಪಿನ ಒಳಬದಿಯಲ್ಲಿ, ಹಿಡಿಯ ಬುಡದಲ್ಲಿ ರಬ್ಬರಿನ ಬಳೆ ಉಂಟೋ ಎಂದು ಬಿಚ್ಚಿಸಿ ನೋಡಿ. ಎರಡು ಬೇರಿಂಗು ಕಡಿಮೆ ಇದ್ದರೂ ಪರವಾಗಿಲ್ಲ, ಆ ಬಳೆಗೆ ದುಡ್ಡು ಕೊಡುವುದು ನ್ಯಾಯ.

ಸೈಜಿನ ಮಾತು ಬೇಗ ಮುಗಿಯುತ್ತದೆ. ಹೊಳೆಬಾಯಿಗೆ, ದಡದ ಹತ್ತಿರದ ಮೀನಿಗೆ 3000 ಅಥವಾ 4000. ಕಲ್ಲಿನ ದಂಡೆಯ ಮೇಲೆ ನಿಂತು ಭಾರದ ಎರೆ ದೂರ ಎಸೆಯುವವರಿಗೆ 5000. ಒಂದು ಕಂಪೆನಿಯ 4000 ಇನ್ನೊಂದರ 4000ಕ್ಕೆ ಸರಿಸಮ ಇರಬೇಕೆಂದಿಲ್ಲ, ಕೈಯಲ್ಲಿ ಹಿಡಿದೇ ನೋಡಬೇಕು. ಒಂದು ಸಾಯಂಕಾಲಕ್ಕೆ ನೂರು ಸಲ ಎಸೆಯುವ ಕೆಲಸ ಇದು, ಭಾರದ ರೀಲು ಮಣಿಗಂಟನ್ನು ತಿನ್ನುತ್ತದೆ. ನೂಲು 150 ಮೀಟರು ಹಿಡಿದರೆ ನಮ್ಮ ಅಳಿವೆಗೆ ಸಾಕು. ಉರುಳೆಯ ಅಂಚಿಗಿಂತ ಒಂದು ಕುಚ್ಚಲಕ್ಕಿ ಕಾಳಿನ ದಪ್ಪದಷ್ಟು ಕೆಳಗೆ ನೂಲು ನಿಲ್ಲಿಸಿ. ಹೆಚ್ಚಾದರೆ ಗುಂಪಾಗಿ ಜಾರುತ್ತದೆ, ಕಡಿಮೆಯಾದರೆ ಅಂಚಿಗೆ ಉಜ್ಜಿ ಎಸೆತ ಹತ್ತಿರ ಬೀಳುತ್ತದೆ.

ಎಂಥ ಒಳ್ಳೆ ರೀಲಾದರೂ ಮನೆಗೆ ಬಂದ ದಿನವೇ ತೊಳೆಯಬೇಕು, ಮರುದಿನವಲ್ಲ. ಡ್ರ್ಯಾಗಿನ ತಿರುಪನ್ನು ಬಿಗಿ ಮಾಡಿ, ಕೊಡಪಾನದ ಸಿಹಿನೀರನ್ನು ಮೆಲ್ಲಗೆ ಮೇಲಿಂದ ಹೊಯ್ಯುವುದು. ತೋಟದ ಪೈಪಿನ ಜೋರು ನೀರು ಹಿಡಿದರೆ ಹೊರಗಿನ ಉಪ್ಪು ಒಳಗೆ ಹೋಗುತ್ತದೆ. ಬಕೆಟಿನಲ್ಲಿ ಮುಳುಗಿಸಿ ಇಡುವುದೂ ಬೇಡ. ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲ ಬಿಡಬೇಕು. ಬಿಗಿ ಇಟ್ಟರೆ ಒಳಗಿನ ಬಿಲ್ಲೆಗಳು ಒತ್ತಿ ಹೋಗಿ, ಮುಂದಿನ ಸಲ ನಾನು ಹೇಳಿದ ಆ ಮೊದಲ ಕಚ್ಚು ಸುರುವಾಗುತ್ತದೆ. ಬೈಲಿನ ಗಾಲಿಗೆ ಒಂದು ಹನಿ ಎಣ್ಣೆ. ಕಡಲಬದಿಯಲ್ಲಿ ಇರುವಾಗ ರೀಲನ್ನು ಹೊಯ್ಗೆಯ ಮೇಲೆ ಮಲಗಿಸಬಾರದು, ಒಂದು ಹೊಯ್ಗೆ ಕಾಳು ಹಲ್ಲಿನ ನಡುವೆ ಹೋದರೆ ಉಪ್ಪಿಗಿಂತ ಬೇಗ ಕೆಲಸ ಮುಗಿಸುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಬೇಕಾದ್ದು ಇನ್ನೊಂದು ಉಳಿದಿದೆ. ಬೈಲಿನ ಸ್ಪ್ರಿಂಗು, ಡ್ರ್ಯಾಗಿನ ಬಿಲ್ಲೆ, ಆ ಒಂದು ಕಡೆಗೆ ತಿರುಗುವ ಬೇರಿಂಗು, ಈ ಮೂರು ಬೇರೆಯಾಗಿ ಸಿಗುತ್ತವೆಯೇ ಎಂದು. ಸಿಗುತ್ತವೆ ಎಂದರೆ ಬೆಲೆ ಎಷ್ಟೆಂದು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸಿಗುವುದಿಲ್ಲ ಎಂದರೆ ಅದೇ ದುಡ್ಡಿಗೆ ಪಕ್ಕದ ಅಂಗಡಿಯಲ್ಲಿ ಬೇರೆ ರೀಲು ನೋಡಿ.